ಎಡಗೆನ್ನೆ

ಗಂಡ ಇವತ್ತೂ ಇಸ್ತ್ರಿ ಮಾಡಿದ ಅಂಗಿಯನ್ನೇ ಕೇಳಿದ. ಗುಂಡಿಗಳನ್ನು ತಡವಿ ತಡವಿ ಹಾಕಿಕೊಂಡ. ಕೋಲು ಹಿಡಿದ.

“ಶೂಟಿಂಗಿಗೆ ದಿನಾ ಹೋಗಲೇಬೇಕಾ ನೀವು?” ಹೊಲಿಗೆ ಯಂತ್ರ ನಿಲ್ಲಿಸದೆಯೇ ಕೇಳಿದಳು ಹೆಂಡತಿ.

“ನನ್ನ ಪಾತ್ರದ ಹುಡುಗನಿಗೆ ಹಾಡು ಹೇಳಿಕೊಡಬೇಕಲ್ಲೇ.”

ಹಾಡು ಹೇಳಿಕೊಟ್ಟು ಬಂದವನ ಬೆರಳಿಗೆ ಮೇಕಪ್ಪಿನ ಬಣ್ಣ ಯಾಕೆ ಅಂಟಿರುತ್ತದೆ? ಅವಳು ಯಂತ್ರವನ್ನು ಇನ್ನೂ ಜೋರಾಗಿ ತುಳಿದಳು. ಸೂಜಿ ಬಟ್ಟೆಯನ್ನು ಕುಟ್ಟುತ್ತಲೇ ಇತ್ತು.

ಇಪ್ಪತ್ತು ವರ್ಷದ ಹಿಂದೆ ಪ್ರಾರ್ಥನಾ ಮಂದಿರಕ್ಕೆ ಬೆಂಕಿ ಬಿದ್ದಾಗ, ಒಳಗೆ ಸಿಕ್ಕಿಕೊಂಡ ಮಕ್ಕಳನ್ನು ಹೊತ್ತು ತಂದವರು ಇವರಿಬ್ಬರೇ. ದೇವರೇ ಕೈಹಿಡಿದು ನಡೆಸಿದ ಎಂದರು ಜನ. ಹಾಡಿನ ಮೇಷ್ಟ್ರಾಗಿದ್ದ ಅವನ ಕಣ್ಣು ಹೋಯಿತು. ಅವಳ ಎಡಗೆನ್ನೆ ಸುಟ್ಟು ಮುದುಡಿತು. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿಸಿಕೊಂಡು ಮಲಗಿದ್ದವನು ಮೊದಲು ಕೇಳಿದ್ದು, “ನಿನಗೇನೂ ಆಗಲಿಲ್ಲ ತಾನೆ?”

ಪಕ್ಕದ ವಾರ್ಡಿನಿಂದ ಎದ್ದು ಬಂದಿದ್ದ ಅವಳು, “ಕೂದಲೂ ಕೊಂಕಿಲ್ಲ” ಅಂದಳು.

ಆಗ ಅಂದದ್ದು ಅವನ ಸಮಾಧಾನಕ್ಕೆ. ಆಮೇಲೆ ನಿಜ ಹೇಳಲು ನಾಲಿಗೆ ಏಳಲಿಲ್ಲ. ಬಂಧುಬಳಗವೂ ಅವಳಿಗಾಗಿ ಬಾಯಿ ಹೊಲಿದುಕೊಂಡಿತು. ಅವನ ಕೈ ಹತ್ತಿರ ಬಂದಾಗಲೆಲ್ಲ ಅವಳು ಬಲಗೆನ್ನೆಯನ್ನೇ ಒಡ್ಡಿದಳು.

ಈಗ ಅದೇ ಕಥೆ ಸಿನಿಮಾ ಆಗುತ್ತಿತ್ತು. ನಿಜಕಥೆ ನಿಜವಾಗಿಯೇ ಇರಬೇಕೆಂದು ನಿರ್ದೇಶಕ ಮೇಷ್ಟ್ರ ಪಾತ್ರಕ್ಕೆ ಅಂಧ ಗಾಯಕನನ್ನೇ ಹುಡುಕಿ ತಂದಿದ್ದ. ಹೆಂಡತಿಯ ಪಾತ್ರಕ್ಕೆ ಮಾತ್ರ ಬೆಣ್ಣೆಯಂಥ ಕೆನ್ನೆಯ ಚೆಲುವೆ.

“ಅಮ್ಮಾ, ನಾಯಕಿ ಮುಖದಲ್ಲಿ ಸುಟ್ಟ ಕಲೆ ಇದ್ರೆ ಜನ ಒಪ್ಪಲ್ಲ” ಎಂದು ನಿರ್ದೇಶಕ ತಡವರಿಸಿದಾಗ ಇವಳೇ ಕೈಮುಗಿದಿದ್ದಳು. “ಬೇಡವೇ ಬೇಡ. ನಮ್ಮನೆಯವರ ಮುಂದೆ ಆ ಮಾತೂ ಎತ್ತಬೇಡಿ.”

ತಾನೇ ಒಪ್ಪಿದ ಆ ಕೆನ್ನೆ ಈಗ ಹೊಟ್ಟೆಯೊಳಗಿನ ಕಿಚ್ಚು. ಗಂಡನ ನೆನಪಿನಲ್ಲಿ ಇರುವುದೂ ಅಂಥ ಕೆನ್ನೆಯೇ ಅಲ್ಲವೆ?

ಮಧ್ಯಾಹ್ನ ನಾದಿನಿ ಬಂದಳು. ಗುಂಪಿನ ದೃಶ್ಯದಲ್ಲಿ ನಿಂತು ಬಂದಿದ್ದಳು.

“ಹೇಳಬಾರದು ಅಂದ್ಕೊಂಡೆ ಅತ್ತಿಗೆ. ಅಣ್ಣ ಯಾವಾಗಲೂ ಆ ಹುಡುಗಿ ಕೋಣೇಲೇ ಇರ್ತಾನೆ.”

“ಪಾಪ, ಕಣ್ಣು ಕಾಣಲ್ಲ. ಕೋಣೆ ತಪ್ಪಿರಬೇಕು.”

“ದಿನಾ ತಪ್ಪಿ ದಿನಾ ಅದೇ ಕೋಣೆಗೆ ಹೋಗ್ತಾನಾ?”

ಹೊಲಿಗೆ ಅರ್ಧಕ್ಕೇ ನಿಂತಿತು. ಸೆರಗು ಎಳೆದು ಕೆನ್ನೆ ಮುಚ್ಚಿಕೊಂಡು ಅವಳು ಹೊರಟಳು.

ನಟಿಯ ಕೋಣೆಯ ಬಾಗಿಲು ಓರೆಯಾಗಿತ್ತು. ಕನ್ನಡಿಯ ಮುಂದೆ ನಟಿ ಕಣ್ಣು ಮುಚ್ಚಿ ಕೂತಿದ್ದಳು. ಗಂಡನ ಅಂಗೈ ಅವಳ ಕೆನ್ನೆಯ ಮೇಲಿತ್ತು. ಹೆಬ್ಬೆರಳು ಮೆಲ್ಲಗೆ, ಬಹಳ ಮೆಲ್ಲಗೆ, ಸರಿಯುತ್ತಿತ್ತು. ಇಷ್ಟು ವರ್ಷ ತಾನು ತಪ್ಪಿಸಿಕೊಂಡ ಕೈ. ಅದೀಗ ಇವಳ ಪಾಲು.

ಬೈಗುಳ ನಾಲಿಗೆಯ ತುದಿಗೆ ಬಂತು. ಬಾಗಿಲಿಗೆ ಕೈಯಿಟ್ಟಳು.

“ಸರಿ ಇಲ್ಲ” ಅಂದ ಗಂಡ. “ಕಿವಿ ಹತ್ತಿರ ಇನ್ನೂ ಗಂಟುಗಂಟಾಗಿರಬೇಕು. ತುಟಿ ಅಂಚಲ್ಲಿ ಚರ್ಮ ಸ್ವಲ್ಪ ಎಳೆದಿರುತ್ತೆ.”

ಮೂಲೆಯಿಂದ ಮೇಕಪ್ಪಿನ ಹೆಂಗಸು ಮುಂದೆ ಬಂದು ನಟಿಯ ಕೆನ್ನೆಗೆ ಅಂಟು ಮೆತ್ತಿದಳು. ನಟಿ ಮುಖ ತಿರುಗಿಸಿದಳು. ಆ ಎಡಗೆನ್ನೆ ಪೂರ್ತಿ ಸುಟ್ಟು ಮುದುಡಿತ್ತು.

“ನಿರ್ದೇಶಕರನ್ನ ನಾನು ಒಪ್ಪಿಸ್ತೀನಿ ಮೇಷ್ಟ್ರೇ” ಅಂದಳು ನಟಿ. “ಇದಿಲ್ಲದೆ ಕ್ಯಾಮೆರಾ ಮುಂದೆ ನಿಲ್ಲಲ್ಲ. ಆದ್ರೆ ಅಮ್ಮ ನಿಮ್ಮಿಂದ ಮುಚ್ಚಿಟ್ಟಿದ್ದಾರಂತೆ. ನಿಮಗೆ ಹೇಗೆ ಗೊತ್ತಾಯ್ತು?”

ಗಂಡ ನಕ್ಕ.

“ನಿದ್ದೆ ಬಂದ್ರೆ ಗುಡುಗಿದ್ರೂ ಏಳಲ್ಲ ನನ್ನ ಹೆಂಡತಿ. ಆ ಕೆನ್ನೆ ಸವರದೆ ನಾನು ಒಂದು ರಾತ್ರೀನೂ ಮಲಗಿಲ್ಲಮ್ಮ.”