ಗುಳಿಗೆ ಬಿಟ್ಟ ಮೇಲೆ

ಬೆಳಗ್ಗೆ ಹಲ್ಲುಜ್ಜಿದ ಮೇಲೆ ಗಂಡ ಹೆಂಡತಿ ಒಂದೊಂದು ಬೇಸರ ಕಳೆಯುವ ಗುಳಿಗೆ ನುಂಗುವುದು ಗದಗಿನ ಎಲ್ಲ ಮನೆಗಳಲ್ಲೂ ಇದ್ದ ರೂಢಿ. ನುಂಗಿದರೆ ಆ ದಿನವೆಲ್ಲ ಕಟ್ಟಿಕೊಂಡವರ ಮುಖ, ಮಾತು ಹೊಸದಾಗಿಯೇ ಇರುತ್ತಿದ್ದವು. ಸೈಕಲ್ ರಿಪೇರಿಯ ಮಲ್ಲೇಶಪ್ಪನ ಕಿಡ್ನಿ ಸೋತಾಗ ಡಾಕ್ಟರು, "ಇನ್ನ ಆ ಗುಳಿಗಿ ಮುಟ್ಟಬ್ಯಾಡ್ರಿ, ಜೀವಕ್ಕ ಕುತ್ತು" ಎಂದರು.

ಮನೆಯ ದಾರಿಯುದ್ದಕ್ಕೂ ಅವನು ಡಾಕ್ಟರ ಚೀಟಿಯನ್ನು ತೆಗೆದು ತೆಗೆದು ನೋಡಿದ. ಹೆಂಡತಿ ಗಿರಿಜವ್ವನಿಗೆ ಮಾತ್ರ ಒಳಗೊಳಗೇ ನಗು. ಮನೆ ಮುಟ್ಟಿದವಳೇ ಹೇಳಿಬಿಟ್ಟಳು: "ಅದಕ್ಯಾಕ ಇಷ್ಟು ಚಿಂತಿ? ನಾ ಮದುವ್ಯಾದಾಗಿಂದ ಒಂದೂ ನುಂಗಿಲ್ಲ. ನಿಮ್ಮ ಕಣ್ತಪ್ಪಿಸಿ ಬಚ್ಚಲಕ್ಕ ಹಾಕ್ತಿದ್ದೆ. ನನಗದು ಬೇಕಾಗೇ ಇಲ್ಲ. ನೀವೂ ಹಂಗ ಅಂತ ತಿಳ್ಕೊಂಡಿದ್ದೆ."

ಮಲ್ಲೇಶಪ್ಪ ತಲೆ ತಗ್ಗಿಸಿದ. "ನಾ ಒಂದು ದಿನಾನೂ ತಪ್ಪಿಸಿಲ್ಲ, ಗಿರಿಜಾ. ನಿನ್ನ ಮನಸ್ಸು ನೋಯಬಾರ್ದು ಅಂತನ ತಗೋತಿದ್ದೆ."

ಆಮೇಲೆ ಅವನು ಎಂದೂ ಸಿಡುಕಲಿಲ್ಲ, ಕೇಳಿದ್ದಕ್ಕೆಲ್ಲ ಮೆತ್ತಗೇ ಉತ್ತರ ಕೊಟ್ಟ. ಒಂದು ಸಂಜೆ ರೊಟ್ಟಿ ಬಡಿಯುತ್ತ ಅವಳು ಎಂದಿನಂತೆ ಸಂತೆಯ ಸುದ್ದಿ ತೆಗೆದಳು: ಬದನೆಕಾಯಿ ಮಾರುವವಳು ಜಗಳಕ್ಕೆ ನಿಂತದ್ದು, ಅಷ್ಟರಲ್ಲಿ ಕೋತಿಯೊಂದು ಅವಳ ತಕ್ಕಡಿಯನ್ನೇ ಹೊತ್ತೊಯ್ದದ್ದು. ಇಷ್ಟು ವರ್ಷ ಇಂಥ ಕಡೆ ಅವನು ನಕ್ಕು, "ಮುಂದ?" ಎನ್ನುತ್ತಿದ್ದ. ಈಗ ಬಾಗಿಲ ಕಡೆ ನೋಡುತ್ತ ಕೂತಿದ್ದ. ಉಸಿರಿಗೆಂದು ಅವಳು ಮಾತು ನಿಲ್ಲಿಸಿದಾಗ ಮೆಲ್ಲಗೆ ಕೇಳಿದ, "ಮುಗೀತಾ?"

ಕೋತಿ ನೀರಿನ ಟಾಕಿ ಏರಿದ ಕಥೆ ಇನ್ನೂ ಬಾಕಿ ಇತ್ತು.

"ಮುಗೀತ್ರಿ" ಎಂದು ಗಿರಿಜವ್ವ ಅವನ ತಾಟಿಗೆ ಬಿಸಿ ರೊಟ್ಟಿ ಹಾಕಿದಳು.