ನೋಡಬಂದವರ ಕವಚ

ವಿದ್ಯುತ್ ಪ್ಯಾನೆಲ್ಲಿನ ಮುಚ್ಚಳದ ಕೊನೆಯ ಬೋಲ್ಟಿಗೆ ಸ್ಪ್ಯಾನರ್ ಹಾಕಿದಾಗ ಎಲೆಕ್ಟ್ರಿಷಿಯನ್ನನ ಮೈಮೇಲಿದ್ದುದು ತೆಳುವಾದ ಅಂಗಿ ಮಾತ್ರ. ಕಾರ್ಖಾನೆಗಿದ್ದ ಒಂದೇ ಒಂದು ಬೆಂಕಿ ತಡೆಯುವ ಕವಚವು ಮ್ಯಾನೇಜರರ ಗಾಜಿನ ಬೀರುವಿನಿಂದ ಅಂದು ಹೊರಬಂದು, ಪ್ಯಾನೆಲ್ಲಿನ ಒಳಗನ್ನು ನೋಡಿ ವಿದ್ಯುತ್ ಅಪಾಯವನ್ನು ಅಳೆಯಲು ಬಂದಿದ್ದ ಅಧಿಕಾರಿಯ ಮೈಯೇರಿತ್ತು. ದುಡಿಯುವವನ ಮೈಗಿಲ್ಲದ ಮರ್ಯಾದೆ ನೋಡಬಂದವರ ಮೈಗೆ!

“ಮೊದಲು ಕರೆಂಟ್ ತೆಗೆಸ್ರೀ,” ಎಂದು ಅಧಿಕಾರಿ ಗದರಿದರು.

“ಮಷೀನ್ ನಿಲ್ಲಿಸೋಕಾಗಲ್ಲ ಸಾರ್. ಇವನದು ಪಳಗಿದ ಕೈ,” ಎಂದು ಮ್ಯಾನೇಜರ್ ಬಾಗಿಲ ಬಳಿಯಿಂದಲೇ ನಕ್ಕರು. “ಏನಯ್ಯಾ, ಭಯಾನಾ?”

“ಹೆಂಡ್ತಿ ಬೈಗುಳಕ್ಕಿಂತ ದೊಡ್ಡದಾ ಸಾರ್ ಇದು?” ಎಂದ ಅವನು. ಒಲ್ಲೆನೆಂದರೆ ನಾಳೆ ಕೆಲಸವಿರದೆಂಬುದು ಅವನಿಗೆ ಗೊತ್ತಿತ್ತು.

ಬೋಲ್ಟು ಸಡಿಲಿತು. ಒಳಗೆ ಚಿಟಿಚಿಟಿ ಸದ್ದಾಯಿತು. ಅಧಿಕಾರಿ ಹಾರಿಬಂದು ಅವನನ್ನು ನೆಲಕ್ಕೆ ಕೆಡವಿ ಮೇಲೆ ಬಿದ್ದರು. ಸಿಡಿಲೇ ಕೋಣೆಗೆ ನುಗ್ಗಿದಂತೆ ಬಿಳಿಯ ಬೆಂಕಿ ಸ್ಫೋಟಿಸಿತು. ಕರಗಿದ ತಾಮ್ರ ಗೋಡೆಗೆ ರಾಚಿತು. ಕವಚದ ಆಸರೆಯಿಂದ ಹೊರಗುಳಿದ ಅವನ ಮುಂಗೈಯ ಚರ್ಮ ಸುಲಿದು ಜೋತುಬಿತ್ತು.

“ಅಯ್ಯೋ, ಹೊಸಾ ಕವಚ ಸುಟ್ಟುಹೋಯ್ತಲ್ಲ!” ಮ್ಯಾನೇಜರರ ಬಾಯಿಂದ ಹೊರಟ ಮೊದಲ ಮಾತೇ ಅದು.

ಎಲೆಕ್ಟ್ರಿಷಿಯನ್ ಮೆಲ್ಲನೆ ಎದ್ದ. ಓಲಾಡುತ್ತ ಹೊರಗೋಡೆಯವರೆಗೆ ನಡೆದು, ಸುಡದ ಕೈಯಿಂದ ಮುಖ್ಯ ಸ್ವಿಚ್ಚನ್ನು ಕೆಳಗೆಳೆದ. ಇಡೀ ಕಾರ್ಖಾನೆ ಸ್ತಬ್ಧವಾಯಿತು.

“ಏಯ್, ಯಾರನ್ನ ಕೇಳಿ ನಿಲ್ಲಿಸ್ದೆ?” ಎಂದು ಮ್ಯಾನೇಜರ್ ಅಬ್ಬರಿಸಿಕೊಂಡು ಬಂದರು. ಅವನು ಸ್ವಿಚ್ಚಿಗೆ ಬೀಗ ಜಡಿದು, ಕೀಲಿಕೈಯನ್ನು ಜೇಬಿಗಿಳಿಸಿ, ಹಿಂದೆಯೇ ಬಂದಿದ್ದ ಅಧಿಕಾರಿಯತ್ತ ತಿರುಗಿದ.

“ಈಗ ಒಳಗೆ ನೋಡಿ ಸಾರ್.”