ಗೌನಿನ ಒಳಗೆ

ನಿಶ್ಚಿತಾರ್ಥವಾದ ಮೇಲೆ ಮದುಮಕ್ಕಳನ್ನು ನೆಂಟರೆಲ್ಲ ಸರದಿಯಂತೆ ಮನೆಗೆ ಕರೆದು ಉಣ್ಣಿಸುವುದು ಕರಾವಳಿಯ ಕ್ರೈಸ್ತರಲ್ಲಿ ಪದ್ಧತಿ. ಎಲ್ಲಿ ಹೋದರೂ ಇಡ್ಲಿಯಂಥ ಸನ್ನ, ಖಾರದ ಹಂದಿ ಬಾಫತ್ ಸಾರು. ಬಡಿಸುವವರ ಕೈ ಹಿಡಿದು ಸಾಕೆನ್ನುವಂತಿಲ್ಲ. ಕೊನೆಗೆ, ಇಗರ್ಜಿಯ ಮದುವೆಗೆ ವಾರವಿರುವಾಗ ಜೆಸಿಂತಾಳ ಬಿಳಿ ಗೌನಿನ ಜಿಪ್ಪು ಬೆನ್ನಿನ ಮಧ್ಯದಲ್ಲೇ ಮುಷ್ಕರ ಹೂಡಿತು. ಸೊಂಟ ಬಿಗಿಯುವ ಕಾರ್ಸೆಟ್ ಹುಡುಕಿಕೊಂಡು ತಾಯಿ ಮಗಳು ಗೌನು ಸಮೇತ ಅಂಗಡಿಗೆ ಬಂದರು.

ಟ್ರಯಲ್ ರೂಮಿನಲ್ಲಿ ತಾಯಿ ಲಾಡಿ ಜಗ್ಗಿದಳು. "ಉಸಿರು ಒಳಗೆ ಎಳಿ ಮಾರಾಯ್ತಿ!"

"ಇದನ್ನು ಕಟ್ಟಿಕೊಂಡು ಊಟ ಮಾಡ್ಲಿಕ್ಕೆ ಆಗ್ತದಾ ಮಮ್ಮಿ?"

"ಇನ್ನೂ ಊಟದ್ದೇ ಚಿಂತೆಯಾ ನಿಂಗೆ?"

ಅಂತೂ ಜಿಪ್ಪು ಮೇಲೇರಿತು.

"ಐವನಿಗೆ ಮಾತ್ರ ಹೇಳ್ಬೇಡ," ಜೆಸಿಂತಾ ಗೋಗರೆದಳು. "ಮದುವೆಗೆ ಮೊದಲೇ ನನ್ನ ಮರ್ಯಾದೆ ಹೋಗ್ತದೆ."

ಬಿಚ್ಚಿದ ಕಾರ್ಸೆಟ್ಟನ್ನು ಗೌನಿನೊಳಗೆ ಅಡಗಿಸಿ ಹಿಡಿದುಕೊಂಡು ಪರದೆ ಸರಿಸಿದಳು. ಕೌಂಟರಿನ ಬಳಿ, ಇತ್ತ ಬೆನ್ನು ಹಾಕಿ ನಿಂತಿದ್ದ ಮದುಮಗ ಐವನ್ ಅಂಗಡಿಯಾಕೆಯ ಹತ್ತಿರ ಪಿಸುಗುಡುತ್ತಿದ್ದ:

"ಗಂಡಸರ ಸೈಜಿಂದು ಉಂಟಾ ಅಕ್ಕ? ಕೋಟಿನ ಗುಂಡಿ ಹಾಕ್ಲಿಕ್ಕೇ ಆಗುದಿಲ್ಲ. ಜೆಸಿಂತಾಳಿಗೆ ಮಾತ್ರ ಗೊತ್ತಾಗ್ಬಾರ್ದು."